ಪುಸ್ತಕದಲ್ಲೇ ಉಳಿದ ಚೀಟಿ

"ವೇಳೆ ಮುಗೀತ್ರಿ. ಮುಂದಿನ ತಿಂಗಳ ಬರ್ರಿ."

ಬೀಗ ಹಾಕಲು ಹೊರಟಿದ್ದ ನೇತ್ರಾ ತಲೆ ಎತ್ತದೆ ಹೇಳಿದಳು. ಬಾಗಿಲಿಗೆ ಅಡ್ಡ ನಿಂತವನು ಅಲ್ಲಾಡಲಿಲ್ಲ. ಹೆಗಲ ಮೇಲೆ ಕಂಬಳಿ, ಮೊಣಕಾಲತನಕ ಎರೆಮಣ್ಣು, ಓಡಿ ಬಂದ ಏದುಸಿರು.

"ಅಲ್ರಿ ಮೇಡಂ, ಮುಂದಿನ ತಿಂಗಳತನಕ ನನ್ನ ಕುರಿ ತಡೀಬೇಕಲ್ರಿ! ಆಗ್ಲೇ ಎರಡು ಜ್ವರ ಹಿಡ್ದು ಮಲಗ್ಯಾವು. ಅರ್ಜಿ ಬರಿಯೋ ಶನಿವಾರ ಐದಕ್ಕ ಮುಗೀತದಂತ ಅವಕ್ಕೇನ್ ಗೊತ್ತ್ರಿ? ನಿಮ್ಮ ಬೋರ್ಡ್ ಓದಾಕ ಬರಂಗಿಲ್ಲ ಅವಕ್ಕ!"

ನಗಬಾರದು ಅಂದುಕೊಂಡರೂ ನೇತ್ರಾಗೆ ನಗು ಬಂದುಬಿಟ್ಟಿತು. ಮತ್ತೆ ಬಾಗಿಲು ತೆಗೆದಳು.

ಅವತ್ತೇ ಅವನನ್ನು ಒಂದು ಮಾತು ಕೇಳಿದ್ದರೆ... ಆದರೆ ಗ್ರಂಥಾಲಯಕ್ಕೆ ಬಂದವನನ್ನು ಆ ಮಾತು ಯಾರು ಕೇಳುತ್ತಾರೆ ಹೇಳಿ!

ಕುಂದಗೋಳ ತಾಲೂಕಿನ ಆ ಊರಿನ ಗ್ರಂಥಾಲಯವೆಂದರೆ ಪಂಚಾಯ್ತಿ ಬಾಜೂಕಿನ ಒಂದೇ ಕೋಣೆ. ಮೇಲ್ವಿಚಾರಕಿ, ಕಸ ಹೊಡೆಯುವವಳು, ಬೀಗ ಹಾಕುವವಳು ಎಲ್ಲವೂ ನೇತ್ರಾ ಒಬ್ಬಳೇ; ಬೋರ್ಡಿನ ಕೆಳಗಿನ ಸಾಲಿನಲ್ಲಿದ್ದ ಹೆಸರೂ ಅವಳದೇ. ತಿಂಗಳ ಮೊದಲ ಶನಿವಾರ ಮಕ್ಕಳಿಗೆ ಕಥೆ ಹೇಳುತ್ತಿದ್ದಳು, ಎರಡನೆಯ ಶನಿವಾರ ಊರವರ ಅರ್ಜಿ ಬರೆದುಕೊಡುತ್ತಿದ್ದಳು. ಅವಳ ಅಕ್ಷರ ಎಷ್ಟು ದುಂಡಗೆಂದರೆ ಡಿಗ್ರಿ ಮುಗಿಸಿದವರೂ ಅವಳ ಕೈಯಲ್ಲೇ ಬರೆಸಿಕೊಳ್ಳುತ್ತಿದ್ದರು. ಹಾಗಾಗಿ ಇವನ ಅರ್ಜಿಯನ್ನು ತಾನೇ ಬರೆದಾಗಲೂ ಅವಳಿಗೆ ಏನೂ ಅನ್ನಿಸಲಿಲ್ಲ.

ಅವನು ಕೆಳಗೆ ಸಹಿ ಹಾಕಿದ. ಹೊಳೆಯಪ್ಪ. ನಾಲ್ಕು ಅಕ್ಷರ, ಒಂದಕ್ಕಿಂತ ಒಂದು ಮುದ್ದು.

"ಸಹಿ ಭಾಳ ಚಂದ ಐತ್ರಿ ನಿಮ್ದು!"

"ಅದೊಂದ ಚಂದ ಬರ್ತದ್ರಿ ನನಗ," ಎಂದು ಅವನು ತಲೆ ತಗ್ಗಿಸಿದ.

ಎಂಥ ವಿನಯ ಅಂದುಕೊಂಡಳು ಹುಚ್ಚಿ!

ದನದ ಡಾಕ್ಟರು ಬಂದು ಸೂಜಿ ಹಾಕಿದರು, ಕುರಿಗಳು ಉಳಿದವು. ಅದನ್ನು ಹೇಳಲು ಬಂದ ಹೊಳೆಯಪ್ಪ ಸದಸ್ಯನೂ ಆದ. ಆ ಅರ್ಜಿಯನ್ನೂ ನೇತ್ರಾಳೇ ತುಂಬಿದಳು, ಅವನು ಸಹಿ ಮಾತ್ರ ಹಾಕಿದ. ಹದಿನೈದು ದಿನಕ್ಕೊಂದು ಪುಸ್ತಕ ಒಯ್ಯುತ್ತಿದ್ದ. ತಿರುಗಿ ತಂದಾಗ ಮೇಜಿನ ಮುಂದೆ ನಿಂತು ಕಥೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ. ಆ ನಾಯಕನಿಗೆ ಬುದ್ಧಿ ಇಲ್ಲವೆಂದು ಬೈಯುತ್ತಿದ್ದ, ನಾಯಕಿ ಅತ್ತರೆ ತಾನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕೇಳುತ್ತಾ ಕೇಳುತ್ತಾ ನೇತ್ರಾ ಪುಸ್ತಕದ ಮೇಲೆ ಸೀಲು ಒತ್ತುವುದನ್ನೇ ಮರೆಯುತ್ತಿದ್ದಳು.

ಮನೆಯಲ್ಲಿ ತಾಯಿ ಸಾವಿತ್ರೆವ್ವ ವರ ತೋರಿಸಿದಾಗಲೆಲ್ಲ ಅವಳಿಗೆ ಆ ದನಿಯೇ ನೆನಪಾಗುತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಪುಸ್ತಕಗಳ ನಡುವೆಯೇ ಬೆಳೆದವಳಿಗೆ ಬರೆದು ಹೇಳುವುದೇ ಸಲೀಸು. ಒಂದು ದಿನ ಹಸಿರು ರಟ್ಟಿನ ಕಾದಂಬರಿಯ ನಡುವಿನ ಪುಟದಲ್ಲಿ ಒಂದು ಚೀಟಿ ಇಟ್ಟು ಕೊಟ್ಟಳು.

'ನೀವು ಬರದ ಶನಿವಾರ ಈ ಕೋಣೆ ಖಾಲಿ ಅನ್ನಿಸುತ್ತದೆ. ನಿಮಗೂ ನನ್ನ ಮೇಲೆ ಮನಸ್ಸಿದ್ದರೆ ಈ ಚೀಟಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಪುಸ್ತಕದಲ್ಲೇ ಬಿಡಿ. ನಾನು ಏನೂ ಕೇಳುವುದಿಲ್ಲ.'

ಹದಿನೈದು ದಿನ ಅವಳಿಗೆ ಅನ್ನ ಸೇರಲಿಲ್ಲ. ಕೊನೆಗೂ ಅವನು ಬಂದ. ಪುಸ್ತಕವನ್ನು ಮೇಜಿನ ಮೇಲಿಟ್ಟ. ಆದರೆ ಎಂದಿನಂತೆ ಕಥೆ ಹೇಳಲಿಲ್ಲ.

"ಓದಿದ್ರಿ?"

"ಹೂನ್ರಿ... ಓದೀನಿ."

"ನಡುವಿನ ಪುಟಾನೂ?"

"ಎಲ್ಲಾ ಓದೀನ್ರಿ."

"ಮತ್ತ... ಏನೂ ಹೇಳೂದಿಲ್ಲೇನ್ರಿ?"

ಅವನು ಕಂಬಳಿಯ ಅಂಚನ್ನು ತಿರುವಿದ. "ಏನ್ ಹೇಳ್ಲ್ರಿ... ಬ್ಯಾರೆ ಪುಸ್ತಕ ಕೊಡ್ರಿ."

ಅವನು ಹೋದ ಮೇಲೆ ನೇತ್ರಾ ಪುಸ್ತಕ ತೆರೆದಳು. ಚೀಟಿ ಅಲ್ಲೇ ಇತ್ತು!

ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. 'ಬ್ಯಾರೆ ಪುಸ್ತಕ ಕೊಡ್ರಿ ಅಂತ! ನನ್ನ ಮನಸ್ಸು ಇವನಿಗೆ ಅಷ್ಟು ಹಗುರವಾಯಿತೇ?'

ತಿಂಗಳ ಕೊನೆಯ ಶನಿವಾರ ಓದಿನ ಶನಿವಾರ. ಊರವರೆಲ್ಲ ಚಾಪೆ ಹಾಸಿ ಕೂರುತ್ತಾರೆ, ಯಾರಾದರೊಬ್ಬರು ಎದ್ದು ನಿಂತು ಒಂದು ಪುಟ ಜೋರಾಗಿ ಓದುತ್ತಾರೆ. ಯಾರು ಓದಬೇಕೆಂದು ಹೆಸರು ಕರೆಯುವವಳು ನೇತ್ರಾ. ಹೊಳೆಯಪ್ಪ ಯಾವಾಗಲೂ ಬಾಗಿಲ ಬಳಿ ಕೂತು ಕೇಳುತ್ತಿದ್ದ. ಅವತ್ತು ಅವಳು ಬೇಕೆಂದೇ ಅವನ ಹೆಸರು ಕರೆದಳು. ಬೇಕೆಂದೇ ಅದೇ ಹಸಿರು ಪುಸ್ತಕ ಕೈಗಿಟ್ಟಳು, ನಡುವಿನ ಪುಟ ತೆರೆದು.

"ಎಲ್ಲಾ ಓದೀನಿ ಅಂದಿದ್ರೆಲ್ರಿ? ಓದ್ರಿ, ನಾವೂ ಕೇಳ್ತೇವಿ."

"ಬ್ಯಾಡ್ರಿ ಮೇಡಂ..."

"ಓದಲೇ ಹೊಳೆಯಪ್ಪ, ಹೆಣ್ಮಗಳ ಮುಂದ ಎಷ್ಟ ನಾಚ್ತೀ!" ದಿನವೂ ಪೇಪರ್ ಓದಲು ಬರುವ ಮಡಿವಾಳೆಪ್ಪ ಕಾಕಾ ನಕ್ಕ. ಉಳಿದವರೂ ನಕ್ಕರು.

ಹೊಳೆಯಪ್ಪ ಪುಸ್ತಕ ನೋಡಿದ. ಅವನ ಬೆರಳು ಸಾಲಿನ ಮೇಲೆ ನಿಧಾನವಾಗಿ ಸರಿಯಿತು. ಒಂದು ಕಡೆ ನಿಂತಿತು. "ಯ..." ಅಂದ. ಮತ್ತೆ ಸರಿಯಿತು. "ಪ್ಪ..." ಅಂದ. ಮುಂದಿನದು ಬಾಯಿಗೆ ಬರಲಿಲ್ಲ. ತನ್ನ ಹೆಸರಿನ ಅಕ್ಷರಗಳನ್ನು ಅವನು ಆ ಪುಟದಲ್ಲಿ ಹುಡುಕುತ್ತಿದ್ದ!

ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅವನು ಪುಸ್ತಕವನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟು, ಯಾರನ್ನೂ ನೋಡದೆ ಹೊರಗೆ ನಡೆದ.

"ಹೊಳೆಯಪ್ಪ... ನಿಂದರ್ರಿ!"

ಅವನು ನಿಲ್ಲಲಿಲ್ಲ.

ಮರುದಿನ ಅವನ ಮನೆಗೆ ಹೋದಳು. ಅವನ ತಾಯಿ ಫಕೀರವ್ವ, "ಕುರಿ ಹೊಡ್ಕೊಂಡು ತಂಬೂರ ಊರ ಕಡೆ ಹೋದಾನವ್ವಾ. ಯಾವಾಗ ಬರ್ತಾನೋ ಏನೋ," ಎಂದಳು. ಫೋನ್ ಮಾಡಿದರೆ ಎತ್ತಲಿಲ್ಲ. ಪತ್ರ ಬರೆದು ಕ್ಷಮೆ ಕೇಳೋಣವೆಂದು ಹಾಳೆ ತೆಗೆದಳು, ಹಾಗೇ ಮುಚ್ಚಿಟ್ಟಳು. ಓದು ಬಾರದವನಿಗೆ ಏನೆಂದು ಬರೆಯುವುದು?

ವಾರದ ನಂತರ ನಸೀಮಾಬಿ ಬಂದಳು. ಅಂಗನವಾಡಿಯಿಂದ ನಿವೃತ್ತಿಯಾದವಳು, ಹೊಳೆಯಪ್ಪನ ಪಕ್ಕದ ಮನೆಯವಳು. ಕೂರಲೂ ಇಲ್ಲ.

"ಮಂದಿ ಮುಂದ ನಿಲ್ಲಿಸಿ ಓದ್ಸಿದೆಂತಲ್ಲವಾ? ಸಾಲಿ ಮುಖ ಕಾಣದಂವ ಅಂವ. ಸಣ್ಣಾಂವ ಇದ್ದಾಗಿಂದ ಕುರಿ ಹಿಂದ ಊರೂರು ತಿರಗ್ಯಾನ. ಸಹಿ ಒಂದು ನಾನ ಕಲಿಸಿದ್ದೆ."

"ಮತ್ತ ಆ ಕಥಿಗೋಳು...?"

"ನಾ ಓದಿ ಹೇಳ್ತಿದ್ದೆ. ಅಂವ ಬಂದು ನಿನ್ನ ಮುಂದ ಹೇಳ್ತಿದ್ದ. ನಿನ್ನ ಜೋಡಿ ನಾಕು ಮಾತಾಡಬೇಕಲ್ಲ ಪಾಪ! ಹೋದ ತಿಂಗಳ ನಾ ಮಗಳ ಬಾಣಂತನಕ್ಕ ನವಲಗುಂದಕ್ಕ ಹೋಗಿದ್ದೆ. ಆ ಹಸಿರು ಪುಸ್ತಕ ಓದಿ ಹೇಳಾವ್ರು ಯಾರೂ ಇರ್ಲಿಲ್ಲ. ಅರಿವ್ಯಾಗ ಸುತ್ತಿ ಇಟ್ಟಿದ್ದ, ಹಂಗ ವಾಪಸ್ ತಂದ."

ಹಾಗಾದರೆ ಚೀಟಿ... ಅವನು ಅದನ್ನು ನೋಡಿಯೇ ಇರಲಿಲ್ಲ!

'ನನ್ನನ್ನು ಒಲ್ಲೆ ಎಂದನೆಂದು ಅವನನ್ನು ಊರ ಮುಂದೆ ನಿಲ್ಲಿಸಿದೆನಲ್ಲಾ... ಅವನು ಒಲ್ಲೆ ಅಂದಿರಲೇ ಇಲ್ಲವಲ್ಲಾ!'

ಆ ತಿಂಗಳಿಂದ ಬೋರ್ಡಿನ ಮೇಲೆ ಹೊಸ ಸಾಲು ಬಂತು. ಮೂರನೆಯ ಶನಿವಾರ, ದೊಡ್ಡವರಿಗೆ ಅಕ್ಷರ ಕಲಿಕೆ. ಒಂಬತ್ತು ಜನ ಹೆಂಗಸರು ಬಂದರು, ಮುದುಕರಿಬ್ಬರು ಬಂದರು. ಯಾರಿಗಾಗಿ ಶುರು ಮಾಡಿದ್ದಳೋ ಅವನು ಮಾತ್ರ ಬರಲಿಲ್ಲ. ಪ್ರತಿ ಸಲವೂ ಬಾಗಿಲ ಬಳಿ ಒಂದು ಸ್ಲೇಟು ಹೆಚ್ಚಿಗೆ ಇಡುತ್ತಿದ್ದಳು, ಸಂಜೆ ಅದನ್ನು ಹಾಗೇ ಎತ್ತಿಡುತ್ತಿದ್ದಳು. ಓದಿನ ಶನಿವಾರ ಹೆಸರು ಕರೆಯುವುದನ್ನು ಬಿಟ್ಟೇಬಿಟ್ಟಳು. ಓದಬೇಕು ಅನ್ನಿಸಿದವರು ತಾವೇ ಏಳಲಿ ಎಂದಳು. ಬಂದ ಸಂಬಂಧಗಳನ್ನೆಲ್ಲ ತಳ್ಳಿಹಾಕಿ ತಾಯಿಯ ಕೈಲಿ ಬೈಸಿಕೊಂಡಳು.

ಹನ್ನೊಂದು ತಿಂಗಳು ಹೀಗೇ ಹೋದವು.

ಅವತ್ತೂ ಓದಿನ ಶನಿವಾರ. ಮಡಿವಾಳೆಪ್ಪ ಕಾಕಾ ಓದಿ ಕೂತಿದ್ದ. "ಇನ್ಯಾರರ ಓದೋರು ಅದೀರೇನ್ರಿ?" ಎಂದು ನೇತ್ರಾ ಕೇಳಿದಳು.

"ನಾ ಓದ್ತೇನ್ರಿ."

ಆ ದನಿ! ಬಾಗಿಲಲ್ಲಿ ಹೊಳೆಯಪ್ಪ ನಿಂತಿದ್ದ. ಸೊರಗಿದ್ದ, ಗಡ್ಡ ಬೆಳೆದಿತ್ತು. ಹಿಂದೆ ನಸೀಮಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಆ ಹಸಿರು ಪುಸ್ತಕ ಕೊಡ್ರಿ. ಅವತ್ತು ಬಿಟ್ಟ ಪುಟ ಬಾಕಿ ಐತಿ. ಊರಿಗೆ ಬಂದಾಗೊಮ್ಮೆ ನಸೀಮಾಬಿ ಕಡೆ ಕಲ್ತೀನ್ರಿ."

ನೇತ್ರಾ ಪುಸ್ತಕ ತಂದುಕೊಟ್ಟಳು. ಅವನು ಓದಿದ. ಒಂದೊಂದೇ ಅಕ್ಷರ ಹಿಡಿದು, ಒತ್ತಕ್ಷರ ಬಂದಲ್ಲಿ ತಡವರಿಸಿ, ಬೆವರು ಒರೆಸಿಕೊಂಡು, ತಪ್ಪಾದರೆ ಮತ್ತೆ ಹಿಂದಕ್ಕೆ ಬಂದು. ಒಂದು ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಒಬ್ಬರೂ ಎದ್ದು ಹೋಗಲಿಲ್ಲ. ಮುಗಿದಾಗ ಮಡಿವಾಳೆಪ್ಪ ಕಾಕಾ ಎದ್ದು ಹೋಗಿ ಅವನ ಭುಜ ಹಿಡಿದ.

"ನಾ ಅವತ್ತು ನಗಬಾರದಿತ್ತಲೇ ತಮ್ಮಾ."

ಎಲ್ಲರೂ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು.

"ತಪ್ಪಾತ್ರಿ..." ಎಂದಳು ನೇತ್ರಾ. "ಓದಾಕ ಬರಂಗಿಲ್ಲಂತ ಗೊತ್ತಿರ್ಲಿಲ್ಲ, ಖರೇ. ಆದ್ರ ನಿಮಗ ನೋಯಿಸ್ಬೇಕಂತನ ನಿಲ್ಲಿಸಿದ್ದೆ. ಅದು ಸುಳ್ಳಲ್ರಿ."

"ನಾನೂ ಸುಳ್ಳು ಹೇಳಿದ್ನಲ್ರಿ. ಓದು ಬರದಾಂವ ಅಂತ ಗೊತ್ತಾದ್ರ ನನ್ನ ಜೋಡಿ ಮಾತ ಬಿಡ್ತೀರಂತ ಅಂಜಿಕಿ." ಅವನು ಚಾಪೆ ನೋಡುತ್ತ ಹೇಳಿದ. "ಆದ್ರ ಅಷ್ಟ್ಯಾಕ ಸಿಟ್ಟಾಗಿದ್ರಿ? ನಾ ಏನ್ ಮಾಡಿದ್ದೆ?"

ನೇತ್ರಾ ಮೇಜಿನತ್ತ ಹೋದಳು. ಸದಸ್ಯರ ಕಾರ್ಡಿನ ಪೆಟ್ಟಿಗೆಯಿಂದ ಅವನ ಕಾರ್ಡ್ ತೆಗೆದಳು. ಅದರ ಹಿಂದೆ ಪಿನ್ನು ಹಾಕಿದ್ದ ಚೀಟಿಯನ್ನು ಬಿಚ್ಚಿ ಅವನ ಮುಂದಿಟ್ಟಳು.

ಅವನು ಗಟ್ಟಿಯಾಗಿಯೇ ಓದಿದ, ಅವನಿಗೆ ಬರುತ್ತಿದ್ದುದು ಹಾಗೆಯೇ. "ನೀ... ವು... ಬರದ... ಶ... ನಿವಾರ..." ತಾನು ಬರೆದದ್ದನ್ನು ಅವನ ಬಾಯಲ್ಲಿ ಒಂದೊಂದೇ ಅಕ್ಷರವಾಗಿ ಕೇಳುತ್ತ ನೇತ್ರಾ ಗೋಡೆಗೆ ಒರಗಿದಳು. 'ಪುಸ್ತಕದಲ್ಲೇ ಬಿಡಿ' ಎಂಬಲ್ಲಿಗೆ ಬಂದವನು ನಿಂತುಬಿಟ್ಟ.

"ಇದು... ಆ ಪುಸ್ತಕದಾಗ ಇತ್ತೇನ್ರಿ?"

"ಹೂಂ."

"ನಾ ಇದನ್ನ ವಾಪಸ್ ಕೊಟ್ನಿ...?" ಅವನ ಕಣ್ಣು ತುಂಬಿ ಬಂತು. "ನನ್ನ ಮನ್ಯಾಗ ಹದಿನೈದು ದಿನ ಇತ್ತಲ್ರಿ ಇದು! ಕೈಯಾಗ ಇಟ್ಕೊಂಡು ತಿಳೀಲಿಲ್ಲಲ್ರಿ ನನಗ! ಒಂದು ವರ್ಷ ಹೋತು..."

"ನನ್ನಿಂದ ಹೋತು."

"ಇಬ್ಬರಿಂದಾನೂ ಹೋತ್ರಿ."

ಹೋದದ್ದು ತಿರುಗಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವನು ಕಣ್ಣೊರೆಸಿಕೊಂಡು ಚೀಟಿಯನ್ನು ಮಡಿಸಿದ. ಪುಸ್ತಕದತ್ತ ನೋಡಲಿಲ್ಲ. ಅಂಗಿಯ ಕಿಸೆಯಲ್ಲಿಟ್ಟು ಮೇಲೆ ಅಂಗೈ ಒತ್ತಿಕೊಂಡ.

ನೇತ್ರಾ ಅಳುತ್ತಲೇ ನಕ್ಕಳು. "ಅವತ್ತು ನಿಮಗ ನಾಕ ಅಕ್ಷರ ಬರ್ತಿದ್ದುವಂತ. ಗೊತ್ತಿದ್ರ ಐದನೇದ್ದು ನಾನ ಕಲಿಸ್ತಿದ್ನಲ್ರಿ..."

"ನಾಕಲ್ರಿ, ಆರು."

"ಆರು?"

"ನಿಮ್ಮ ಬೋರ್ಡಿನ ಕೆಳಗಿನ ಸಾಲಿನಾಗ ಎರಡದಾವಲ್ರಿ. ನಸೀಮಾಬಿ ತೋರ್ಸಿದ್ಲು. ಕಂಬಳಿ ಹಾಸಿ ಮಲಗಿದಲ್ಲೆಲ್ಲಾ ಮಣ್ಣಾಗ ಬರದು ಬರದು ಕಲ್ತಿದ್ದೆ."

"ಯಾವ ಎರಡ್ರಿ?"

ಮೇಡಂ ಎಂದಲ್ಲದೆ ಅವನು ಅವಳನ್ನು ಎಂದೂ ಕರೆದವನಲ್ಲ. ಈಗ ತಲೆ ಎತ್ತಿ, ಒಂದಿಷ್ಟೂ ತಡವರಿಸದೆ ಹೇಳಿದ.

"ನೇತ್ರಾ."