ಎರಡೂ ಬಲರೆಕ್ಕೆ

ಮೀನುಮರಿ ಕೇಂದ್ರದ ತೊಟ್ಟಿಯಲ್ಲಿ ಹೆಣ್ಣುಮೀನುಗಳು ಹೊಟ್ಟೆ ತುಂಬ ಮೊಟ್ಟೆ ಹೊತ್ತು ಕಾಯುತ್ತಿದ್ದವು. ಗಂಡು ಒಂದೂ ಇರಲಿಲ್ಲ. ಗಂಡುಗಳನ್ನು ಬೇರೆಯಾಗಿ ಇಟ್ಟಿದ್ದ ತೊಟ್ಟಿಗೆ ಕಿವಿರುರೋಗ ಹೊಕ್ಕು ಎಲ್ಲವೂ ಸತ್ತು ತೇಲಿದ್ದವು. ಆ ತಳಿಯ ಮೀನು ಇನ್ನೆಲ್ಲಾದರೂ ಇದ್ದರೆ ಅದು ಶಿಖರದ ಕೆಳಗಿನ ಸರೋವರದಲ್ಲಿ ಮಾತ್ರ. ಅಲ್ಲಿಗೆ ಇಳಿಯುತ್ತಿದ್ದ ತೊರೆ ಗುಡ್ಡ ಕುಸಿದು ಮುಚ್ಚಿಹೋಗಿತ್ತು. ಮೊಟ್ಟೆಯಿಡಲು ಜಾಗವಿಲ್ಲದೆ ಅಲ್ಲಿಯ ಮೀನುಗಳೂ ಮುದಿಯಾಗುತ್ತಿದ್ದವು. ತೊಟ್ಟಿಯ ಮೊಟ್ಟೆಗಳು ಕೆಡುವುದರೊಳಗೆ ಮೇಲಿನಿಂದ ಒಂದು ಗಂಡುಮೀನಿನ ವೀರ್ಯ ತರಬೇಕು. ತಂದರೆ ತಳಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಬಲೆ ಹಾಕೋಕಾಗಲ್ಲ, ತಳದಲ್ಲೆಲ್ಲ ಮುಳುಗಿದ ಮರ," ಎಂದಿದ್ದರು ಕೇಂದ್ರದ ಮೇಡಂ, ದರ್ಜಿಯ ಅಂಗಡಿ ಬಾಗಿಲಲ್ಲಿ ನಿಂತು. "ಎರೆಹುಳ ಹಾಕಿದ್ರೆ ಕೊಕ್ಕೆ ಗಂಟಲಿಗಿಳಿದು ಮೀನು ಸಾಯುತ್ತೆ. ಹಕ್ಕಿಗರಿಯಿಂದ ಮರಿಮೀನಿನ ಥರ ನೀವು ಕಟ್ಟೋ ಗರಿಗಾಳ ತುಟಿಗೆ ಮಾತ್ರ ಸಿಗುತ್ತೆ. ಬರ್ತೀರಾ ಮಾಸ್ಟ್ರೇ?"

ದರ್ಜಿ ಕತ್ತರಿ ಕೆಳಗಿಟ್ಟ. ಕೇಳಿ ಹೇಳುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. "ಬರ್ತೀನಿ," ಎಂದ.

ದಾರಿ ತೋರಿಸಲು ಬಂದವನನ್ನು ಎಲ್ಲರೂ ಗಡ್ಡಣ್ಣ ಎನ್ನುತ್ತಿದ್ದರು. ಹೆಗಲಿಗೆ ಹಗ್ಗ ಸುತ್ತಿಕೊಂಡು ಮುಂದೆ ನಡೆದ. ನಡುವೆ ಮೇಡಂ, ಬೆನ್ನಿಗೆ ಮಂಜುಗಡ್ಡೆಯ ಪೆಟ್ಟಿಗೆ. ಕೊನೆಯಲ್ಲಿ ದರ್ಜಿ. ಬೆಳಿಗ್ಗೆಯೆಲ್ಲ ಸೂಜಿಯೆಲೆಯ ಮರಗಳ ಕಾಡು. ಕಾಲಿಟ್ಟಲ್ಲಿ ಸದ್ದೇ ಬರದಷ್ಟು ದಪ್ಪ ಎಲೆಹಾಸು. ಕಾಡು ತೆಳ್ಳಗಾಗುತ್ತ ಬಂದು ಮರಗಳು ಮೊಣಕಾಲೆತ್ತರಕ್ಕೆ ಕುಗ್ಗಿದವು, ಆಮೇಲೆ ಅವೂ ಇಲ್ಲವಾದವು. ಉಳಿದದ್ದು ಬೂದು ಕಲ್ಲು, ಗಾಳಿ, ಕಲ್ಲಿನ ಸಂದಿಯಲ್ಲಿ ಕರಗದೆ ಉಳಿದ ಹೋದ ವರ್ಷದ ಹಿಮ. ಮಧ್ಯಾಹ್ನ ಕಣಿವೆಯ ಬಾಯಿ ದಾಟಿದಾಗ ಸರೋವರ ಕಂಡಿತು. ಸುತ್ತ ಮೂರು ಕಡೆ ಬಂಡೆಗೋಡೆ, ನಡುವೆ ಕಪ್ಪು ನೀರು. ಇಡೀ ಬಯಲಿನಲ್ಲಿ ಅಲುಗುತ್ತಿದ್ದದ್ದು ಆಚೆಬದಿಯ ಬಂಡೆಯ ಮೇಲಿದ್ದ ಒಂದಿಷ್ಟು ಕಾಡುಬಾತುಗಳು ಮಾತ್ರ.

"ಮಾಸ್ಟ್ರೇ, ದಾರೀಲಿ ಒಂದ್ಮಾತೂ ಆಡ್ಲಿಲ್ವಲ್ಲ. ನಾಲಿಗೇನ ಅಂಗಡೀಲೇ ಬಿಟ್ಟು ಬಂದ್ರಾ?" ಎಂದ ಗಡ್ಡಣ್ಣ.

"ಅಭ್ಯಾಸ ತಪ್ಪಿದೆ," ಎಂದ ದರ್ಜಿ.

ಮದುವೆಯಾಗದ ಅವನೂ ಅವನಕ್ಕನೂ ಅದೇ ಅಂಗಡಿಯಲ್ಲಿ ತಲೆ ನರೆಸಿಕೊಂಡವರು. ಹಗಲು ಬಟ್ಟೆ ಹೊಲಿದು ಸಂಜೆ ಮೇಜಿನ ಆಚೀಚೆ ಕೂತು ಗರಿಗಾಳ ಕಟ್ಟುತ್ತಿದ್ದರು. ಅಕ್ಕ ಡಬ್ಬಿಗಳಿಂದ ಗರಿ ಆರಿಸಿ, ಎರಡೆರಡಾಗಿ ಅವನ ಮುಂದೆ ಇಡುತ್ತಿದ್ದಳು. ಅವನು ಕಣ್ಣೆತ್ತದೆ ಕೊಕ್ಕೆಗೆ ಬಿಗಿಯುತ್ತಿದ್ದ. ಅಕ್ಕ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಈ ಸಲದ ಗಾಳಗಳನ್ನು ಅವನೊಬ್ಬನೇ ಕಟ್ಟಿದ್ದ.

ದಡದಲ್ಲಿ ಗಾಳದ ಬೆತ್ತ ಜೋಡಿಸಿ, ಗಾಳಿಗೆ ಬೆನ್ನು ಕೊಟ್ಟು ದಾರ ಬೀಸಿದ. ಗರಿಗಾಳ ನೀರಿಗೆ ಬಿತ್ತು. ಎಳೆದ, ನಿಲ್ಲಿಸಿದ, ಮತ್ತೆ ಎಳೆದ.

ಮುಳುಗಿದ ಮರದ ನೆರಳಿನಿಂದ ಉದ್ದನೆಯ ಮೀನೊಂದು ಹೊರಟು ಬಂತು.

"ಗಂಡು!" ಮೇಡಂ ಪಿಸುಗುಟ್ಟಿದರು. "ಕೆಳದವಡೆ ನೋಡಿ, ಕೊಕ್ಕೆ ಥರ ಬಾಗಿದೆ."

ಮೀನು ಗಾಳದ ಹಿಂದೆಯೇ ಬಂದು ಮೂಸಿದಂತೆ ಮಾಡಿ ತಟ್ಟನೆ ತಿರುಗಿ ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ದರ್ಜಿ ದಾರಕ್ಕೆ ಬೇರೆ ಗಾಳ ಸಿಕ್ಕಿಸಿ ನೋಡಿದ, ಆಮೇಲೆ ಇನ್ನೊಂದು. ಅಷ್ಟರಲ್ಲಿ ದಾರ ಹುರಿಹುರಿಯಾಗಿ ಸುತ್ತಿಕೊಂಡಿತ್ತು.

ದಡದ ತಿಳಿನೀರಿನಲ್ಲಿ ಗಾಳವನ್ನು ನಿಧಾನಕ್ಕೆ ಎಳೆದು, ಬಗ್ಗಿ ನೋಡಿದ. ಅದು ಮರಿಮೀನಿನಂತೆ ಈಜುತ್ತಿರಲಿಲ್ಲ. ಬುಗುರಿಯಂತೆ ಗಿರಗಿರ ತಿರುಗುತ್ತಿತ್ತು.

ಅವನು ಹಾಗೇ ಕೂತುಬಿಟ್ಟ.

"ಏನಾಯ್ತು?" ಎಂದರು ಮೇಡಂ.

"ಎರಡೂ ಬಲರೆಕ್ಕೆ," ಎಂದ. "ಹಕ್ಕಿಯ ಎಡರೆಕ್ಕೆ ಗರಿ ಒಂದು ಕಡೆ ಬಾಗುತ್ತೆ, ಬಲದ್ದು ಇನ್ನೊಂದು ಕಡೆ. ಗಾಳಕ್ಕೆ ಒಂದೊಂದು ಬೇಕು. ಅಕ್ಕ ಎರಡು ಡಬ್ಬಿ ಇಟ್ಕೊಂಡಿದ್ಲು. ಯಾಕೆ ಎರಡು ಅಂತ ನಾನು ಯಾವತ್ತೂ ಕೇಳ್ಲಿಲ್ಲ. ಒಂದು ತುಂಬ್ತು, ಇನ್ನೊಂದು ತಗೊಂಡ್ಲು ಅಂದ್ಕೊಂಡಿದ್ದೆ. ಎಲ್ಲಾ ಒಂದೇ ಡಬ್ಬಿಯಿಂದ ಕಟ್ಬಿಟ್ಟೆ."

ಕಟ್ಟುವಾಗ ಗರಿಗಳು ಸೊಟ್ಟಗಿರುವುದು ಅವನ ಕಣ್ಣಿಗೂ ಬಿದ್ದಿತ್ತು. ಒದ್ದೆ ಬೆರಳಲ್ಲಿ ತೀಡಿ ನೇರ ಮಾಡಿದ್ದ. ನೀರಿಗೆ ಬಿದ್ದೊಡನೆ ಅವು ಹುಟ್ಟಿದ ಹಾಗೆಯೇ ಬಾಗಿದ್ದವು. ಜೀವಮಾನವಿಡೀ ಕೋಟು ಹೊಲಿದವನು ಒಂದೇ ಕೋಟಿಗೆ ಎರಡು ಬಲತೋಳು ಹಚ್ಚಿ ಕೊಟ್ಟಂತಾಗಿತ್ತು.

"ಇನ್ನೊಂದು ಡಬ್ಬಿ?"

"ಮನೇಲಿ."

ಗಡ್ಡಣ್ಣ ಶಿಖರದ ಕಡೆ ನೋಡಿದ. ಮೋಡ ಇಳಿಯುತ್ತಿತ್ತು. "ಹೋಗಿ ಬರೋಷ್ಟರಲ್ಲಿ ಕಣಿವೆ ಬಾಯಿ ಹಿಮದಲ್ಲಿ ಮುಚ್ಚಿರುತ್ತೆ. ಅಲ್ಲಿ ಬಾತುಗಳಿವೆಯಲ್ಲ, ಗರಿ ಉದುರಿರುತ್ತೆ. ಯಾವುದು ಬೇಕು ಹೇಳಿ, ತಂದ್ಕೊಡ್ತೀನಿ."

ದರ್ಜಿ ಎದ್ದು ನಿಂತ. "ಬಾಯಲ್ಲಿ ಹೇಳೋಕೆ ಬರಲ್ಲ. ಕೈಯಲ್ಲಿ ಹಿಡಿದೇ ನೋಡ್ಬೇಕು."

ಬಂಡೆಗೋಡೆಯ ಬುಡದಲ್ಲಿ ಗೇಣಗಲದ ಅಂಚು ಬಾತುಗಳ ಬಂಡೆಯವರೆಗೂ ಹೋಗಿತ್ತು. ಗಡ್ಡಣ್ಣ ದರ್ಜಿಯ ಸೊಂಟಕ್ಕೆ ಹಗ್ಗ ಬಿಗಿದ. "ಕೆಳಗೆ ನೋಡ್ಬೇಡಿ. ಬಂಡೇನ ತಬ್ಕೊಳ್ಳಿ. ಯಾರೂ ಏನೂ ಅಂದ್ಕೊಳ್ಳಲ್ಲ."

ದರ್ಜಿ ಅಂಚಿಗೆ ಹೆಜ್ಜೆಯಿಟ್ಟ. ಕಲ್ಲು ಪಾಚಿಗಟ್ಟಿತ್ತು. ಗೋಡೆಗೆ ಕೆನ್ನೆಯೊತ್ತಿ ಸರಿಯುತ್ತ ಹೋದ. ಬಾತುಗಳು ಬೈದುಕೊಂಡು ಹಾರಿದವು.

ಬಂಡೆಯ ಮೇಲೆ ಮಂಡಿಯೂರಿ ಗರಿಗಳನ್ನು ಹೆಕ್ಕಿದ. ಒಂದನ್ನು ಇನ್ನೊಂದಕ್ಕೆ ಒಳಮೈ ತಾಗಿಸಿ ಹಿಡಿದು ನೋಡಿದ. ತುದಿಗಳು ಬೇರೆ ಬೇರೆ ದಿಕ್ಕಿಗೆ ಹೋದವು. ಬಿಸಾಡಿದ. ಇನ್ನೊಂದು, ಮತ್ತೊಂದು. ಕೊನೆಗೂ ಎರಡು ಗರಿ, ಒಂದು ಎಡದ್ದು ಒಂದು ಬಲದ್ದು, ಕೈಮುಗಿದ ಹಾಗೆ ಒಂದಕ್ಕೊಂದು ಸರಿಯಾಗಿ ಕೂತವು. ಅಕ್ಕ ಇಷ್ಟೂ ವರ್ಷ ಪ್ರತಿ ಸಂಜೆ ಮಾಡುತ್ತಿದ್ದದ್ದು ಇದನ್ನೇ. ಎದುರಿಗೇ ಕೂತಿದ್ದರೂ ಅವನು ಒಮ್ಮೆಯೂ ನೋಡಿರಲಿಲ್ಲ.

ಜೋಡಿಯನ್ನು ಟೋಪಿಯೊಳಗಿಟ್ಟು ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡ. ಅಂಚಿನ ಮೇಲೆ ವಾಪಸು ಹೊರಟ.

ಕಾಲು ಜಾರಿತು.

ನೀರು ಎದೆಗೆ ಗುದ್ದಿದಂತೆ ತಾಗಿತು. ಉಸಿರು ನಿಂತಿತು. ಸೊಂಟದ ಹಗ್ಗ ಬಿಗಿಯಿತು.

"ಟೋಪಿ! ಟೋಪಿ ಹಿಡ್ಕೊಳ್ಳಿ!" ಮೇಡಂ ಕೂಗಿದರು.

ಒಂದು ಕೈ ಟೋಪಿಯ ಮೇಲೆ, ಇನ್ನೊಂದು ಹಗ್ಗದ ಮೇಲೆ. ಗಡ್ಡಣ್ಣ ದೋಣಿ ಎಳೆಯುವಂತೆ ಅವನನ್ನು ದಡಕ್ಕೆಳೆದು ಹಾಕಿದ. "ಮನುಷ್ಯ ಮುಳುಗ್ತಿದ್ರೆ ಟೋಪಿ ಟೋಪಿ ಅಂತೀರಲ್ಲ ಮೇಡಂ!" ಎಂದು ಏದುಸಿರಲ್ಲೇ ನಕ್ಕ.

ದರ್ಜಿಗೆ ಒಣ ಕಂಬಳಿ ಹೊದೆಸಿದರು. ಮೇಡಂ ತಮ್ಮ ಇಕ್ಕಳದಲ್ಲಿ ಕೊಕ್ಕೆ ಕಚ್ಚಿಸಿ, ಮೊಣಕೈ ಮಂಡಿಗೂರಿ ಹಿಡಿದು ಕೂತರು. ಅವನು ದಾರಕ್ಕೆ ಜೇನುಮೇಣ ಸವರಿದ. ಕೊಕ್ಕೆಯ ಮೈಗೆ ದಾರ ಸುತ್ತಿದ. ಗರಿಗಳ ಬುಡದ ತುಪ್ಪಳ ಕಿತ್ತು, ಜೋಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡಿದ. ಮೊದಲ ಸುತ್ತು ಸಡಿಲ, ಆಮೇಲಿನದು ಬಿಗಿ. ಹೆಚ್ಚು ಎಳೆದರೆ ಗರಿ ತಿರುಚುತ್ತದೆ, ಕಡಿಮೆಯಾದರೆ ಕಳಚುತ್ತದೆ.

"ಮೇಡಂ, ಸ್ವಲ್ಪ ಆಚೆ ತಿರುಗಿ ಉಸಿರು ಬಿಡಿ. ಗರಿ ಹಾರುತ್ತೆ."

ಗಂಟು ಬಿತ್ತು. ತಿಳಿನೀರಿನಲ್ಲಿ ಎಳೆದು ನೋಡಿದರು. ಗರಿಗಾಳ ನೆಟ್ಟಗೆ, ಬಾಲ ಆಡಿಸುತ್ತ ಈಜಿತು. ಹಿಮದ ಮೊದಲ ಹರಳುಗಳು ನೀರಿಗೆ ಬೀಳುತ್ತಿದ್ದವು.

ದರ್ಜಿ ಬೀಸಿದ. ಎಳೆದ, ನಿಲ್ಲಿಸಿದ.

ಮೀನು ನೆರಳಿನಿಂದ ಹೊರಟಿತು. ಈ ಸಲ ಮೂಸಲಿಲ್ಲ.

ಬೆತ್ತ ಬಿಲ್ಲಾಯಿತು. ಮೀನು ಮುಳುಗಿದ ಮರದ ಕಡೆ ನುಗ್ಗಿತು. ಕೊಂಬೆಗೆ ದಾರ ಸುತ್ತಿದರೆ ಮುಗಿಯಿತು. ದರ್ಜಿ ಸೊಂಟದವರೆಗೆ ನೀರಿಗಿಳಿದು ಬೆತ್ತವನ್ನು ಪಕ್ಕಕ್ಕೆ ವಾಲಿಸಿದ. ದಾರ ಗುಂಯ್‌ಗುಟ್ಟಿತು. ಮೀನು ತಿರುಗಿತು. ಸುಸ್ತಾಗಿ, ಇಂಚಿಂಚಾಗಿ ದಡಕ್ಕೆ ಬಂತು.

"ಹೊಟ್ಟೆ ಒರೆಸಿ! ನೀರು ಸೋಕಿದ್ರೆ ವೀರ್ಯ ಕೆಡುತ್ತೆ," ಎನ್ನುತ್ತ ಮೇಡಂ ಬಟ್ಟೆ ಒತ್ತಿದರು. ಬೆರಳಿನ ಮೆತ್ತನೆಯ ಒತ್ತಡಕ್ಕೆ ಹಾಲಿನಂಥ ದ್ರವ ಚೀಲಕ್ಕಿಳಿಯಿತು. ಚೀಲ ಮಂಜುಗಡ್ಡೆಯ ಪೆಟ್ಟಿಗೆಗೆ. ದರ್ಜಿ ಮೀನನ್ನು ನೀರಿನಲ್ಲಿ ಹಿಡಿದುಕೊಂಡ. ಅದು ಒಂದೆರಡು ಸಲ ಕಿವಿರು ಆಡಿಸಿ, ಅವನ ಬೆರಳುಗಳ ನಡುವಿನಿಂದ ಜಾರಿ ಕತ್ತಲ ನೀರಿಗೆ ಹೋಯಿತು.

ಹಿಮ ದಟ್ಟವಾಗುತ್ತಿದ್ದಂತೆ ಒಂದೇ ಹಗ್ಗಕ್ಕೆ ಮೂವರೂ ಕಟ್ಟಿಕೊಂಡು ಕಣಿವೆ ದಾಟಿದರು. ಮುಂದಿನವನ ಬೆನ್ನು ಕಾಣದಿದ್ದಾಗ ಹಗ್ಗದ ಎಳೆತವೇ ದಾರಿಯಾಯಿತು. ದರ್ಜಿ ಎರಡು ಸಲ ಬಿದ್ದ, ಮೇಡಂ ಒಂದು ಸಲ. ಬಿದ್ದಾಗಲೂ ಅವರು ಬೆನ್ನಿನ ಪೆಟ್ಟಿಗೆಯನ್ನು ನೆಲಕ್ಕೆ ತಾಗಗೊಡಲಿಲ್ಲ.

ಕೆಲವು ವಾರಗಳ ನಂತರ ಗಡ್ಡಣ್ಣ ಅಂಗಡಿ ಬಾಗಿಲಲ್ಲಿ ಇಣುಕಿದ. "ಮಾಸ್ಟ್ರೇ, ಮೊಟ್ಟೆಗಳಿಗೆ ಕಣ್ಣು ಮೂಡಿದೆಯಂತೆ. ನೀವು ಬರಬೇಕಂತೆ."

ಕೇಂದ್ರದ ಒಳಕೋಣೆಯಲ್ಲಿ ಮಂದ ದೀಪ, ಹರಿಯುವ ನೀರಿನ ಸದ್ದು. ತಟ್ಟೆಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳು. ಹಲವದರೊಳಗೆ ಎರಡೆರಡು ಕಪ್ಪು ಚುಕ್ಕಿ.

"ಎಲ್ಲದಕ್ಕೂ ಮೂಡಿಲ್ಲ," ಎಂದರು ಮೇಡಂ. "ಅರ್ಧಕ್ಕಿಂತ ಸ್ವಲ್ಪ ಜಾಸ್ತಿ."

"ಸಾಕಾಗುತ್ತಾ?"

"ಸಾಕು."

ಅಲ್ಲಲ್ಲಿ ಸತ್ತ ಮೊಟ್ಟೆಗಳು ಬೆಳ್ಳಗಾಗಿದ್ದವು. ಅವನ್ನು ತೆಗೆಯದಿದ್ದರೆ ಬೂಷ್ಟು ಉಳಿದವಕ್ಕೂ ಹಬ್ಬುತ್ತದೆ. ಮೇಡಂ ಒಂದು ಚಿಮಟ ಅವನ ಕೈಗಿಟ್ಟು, ತಾವೊಂದು ಹಿಡಿದು ತಟ್ಟೆಯ ಆಚೆಗೆ ಕೂತರು. ದರ್ಜಿ ಈಚೆಗೆ ಕೂತ. ಬಿಳಿಯದನ್ನೊಂದು ಎತ್ತಿ ಬಟ್ಟಲಿಗೆ ಹಾಕಿ, ತಲೆಯೆತ್ತಿ ಎದುರಿನ ಕೈಗಳು ಹೇಗೆ ಕೆಲಸ ಮಾಡುತ್ತವೆ ಎಂದು ಸ್ವಲ್ಪ ಹೊತ್ತು ನೋಡಿದ.

"ನಾಳೆಯೂ ಇರುತ್ತಾ ಈ ಕೆಲಸ?"

"ಮೊಟ್ಟೆಯೊಡೆದು ಮರಿ ಬರೋ ತನಕ ದಿನಾ ಇರುತ್ತೆ, ಮಾಸ್ಟ್ರೇ."

"ಹಾಗಾದ್ರೆ ಅಂಗಡಿ ಸ್ವಲ್ಪ ಬೇಗ ಮುಚ್ತೀನಿ," ಎಂದ.