ಗೂಡಿನಲ್ಲೂ ಕಡಲಲ್ಲೂ ಇದ್ದ ಹಕ್ಕಿ

ಹಕ್ಕಿ ಬಂಡೆಯ ಮೇಲೆ ತನ್ನ ಗೂಡಿನಲ್ಲಿ ಕೂತಿತ್ತು. ಸಂಶೋಧನಾ ಕೇಂದ್ರದ ಪರದೆಯಲ್ಲಿ ಮಾತ್ರ ಅದೇ ಹಕ್ಕಿ ಉತ್ತರದ ಕಡಲ ಮೇಲೆ ಹಾರುತ್ತಿತ್ತು.

ಬಂಡೆ ಹತ್ತಿದ ಸಂಶೋಧಕಿ ಹಕ್ಕಿಯ ಬೆನ್ನು ಸವರಿ ನೋಡಿದಳು. ಹಾರಿದ ದಾರಿ ತಿಳಿಸಲು ಅಂಟಿಸಿದ್ದ ಟ್ರ್ಯಾಕರ್ ಇಲ್ಲ. ಅಂಟುಪಟ್ಟಿಯನ್ನು ಯಾರೋ ಕೊಯ್ದಿದ್ದರು.

ಬಂದರು ಠಾಣೆಯ ಇನ್ಸ್‌ಪೆಕ್ಟರ್ ಕೇಂದ್ರದೊಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಮೀನು ಕೊಳೆ ಹಾಕಿದ್ದೀರಾ?"

"ಹಕ್ಕಿ ವಾಂತಿ ಮೇಡಂ," ಎಂದಳು ಸಂಶೋಧಕಿ. "ಮುಟ್ಟೋಕೆ ಹೋದವರ ಮೇಲೆ ಮೀನೆಣ್ಣೆ ಉಗುಳುತ್ತೆ. ತೊಳೆದ್ರೂ ಹೋಗಲ್ಲ. ನಮಗೆ ಅಭ್ಯಾಸವಾಗಿ ವಾಸನೆನೇ ಬರಲ್ಲ."

ಕೇಂದ್ರದ ನಕ್ಷೆ ಬರೆಯುವವನು ಚಹಾ ತಂದು ಮುಂದೆ ಹಿಡಿದ. ಲೋಟ ತುಟಿಗೆ ಬರುವ ಮೊದಲೇ ನಾತ ಮೂಗಿಗೆ ಬಡಿಯಿತು. ಹಾಳು ಕೋಣೆ ಎಂದು ಬೈದುಕೊಂಡು ಅವಳು ಲೋಟ ಸರಿಸಿದಳು.

ಹೋದದ್ದು ಚಿಕ್ಕ ಯಂತ್ರ, ಪೆಟ್ಟು ದೊಡ್ಡದು. ಹಕ್ಕಿಗಳೂ ಡಾಲ್ಫಿನ್‌ಗಳೂ ಮೇಯುವ ಜಾಗ ನೋಡಿ ಸಂಜೆಯ ಸಭೆ ಸಂರಕ್ಷಿತ ಕಡಲಿನ ಗಡಿ ಎಳೆಯಬೇಕಿತ್ತು. ಪರದೆಯನ್ನು ನಂಬಿದರೆ ದಕ್ಷಿಣದ ಕಡಲಡಿಯ ದಿಬ್ಬ ಗಡಿಯಿಂದ ಹೊರಗೆ — ತಳ ಕೆರೆಯುವ ಟ್ರಾಲರ್‌ಗಳ ಬಾಯಿಗೆ.

"ಟ್ರ್ಯಾಕರ್ ಕದ್ದಿದ್ದು ನಿನ್ನೆ ಇರಬೇಕು," ಎಂದ ನಕ್ಷೆಯವನು. "ಅದಕ್ಕೂ ಮುಂಚಿನ ದಾರಿಯೆಲ್ಲ ಸರಿಯಾಗೇ ಇದೆ. ದಕ್ಷಿಣದಲ್ಲಿ ಮೀನು ಹಿಡಿಯೋ ಈ ದೋಣಿಯವನನ್ನ ವಿಚಾರಿಸಿ. ದಕ್ಷಿಣ ಮುಚ್ಚಿದ್ರೆ ಅವನಿಗೇ ನಷ್ಟ."

ಬಾಗಿಲಲ್ಲಿ ನಿಂತಿದ್ದ ದೋಣಿಯವನ ಮುಖ ಕೆಂಪಾಯಿತು. "ಹಕ್ಕಿ ಎಲ್ಲಿ ಎರಗುತ್ತೋ ಅಲ್ಲೇ ನಾನು ಬಲೆ ಬೀಸೋದು. ದಿಬ್ಬ ಕೆರೆದುಹೋದ್ರೆ ಹಕ್ಕಿನೂ ಇಲ್ಲ, ನಾನೂ ಇಲ್ಲ."

"ಹಾಗಾದ್ರೆ ಹೋದ ಸಭೇಲಿ ಹಾರಾಡಿದ್ದು ಯಾಕೆ?" ಎಂದ ನಕ್ಷೆಯವನು.

"ನಮ್ಮನ್ನ ಕೇಳದೆ ಗೆರೆ ಎಳೆದ್ರೆ ಹಾರಾಡದೆ ಮುದ್ದು ಮಾಡ್ಲಾ?"

ಇನ್ಸ್‌ಪೆಕ್ಟರ್ ನಕ್ಷೆಯವನ ಕಡೆ ತಿರುಗಿದಳು. "ನೀವು ಬಂಡೆ ಹತ್ತಿದ್ರಾ?"

"ನಾನಾ? ಎತ್ತರ ಅಂದ್ರೆ ತಲೆ ಸುತ್ತುತ್ತೆ. ಒಂದು ದಿನಾನೂ ಹತ್ತಿಲ್ಲ. ಬೇಕಾದ್ರೆ ಇವರನ್ನೇ ಕೇಳಿ."

ಸಂಶೋಧಕಿ ಹೌದೆಂದು ತಲೆಯಾಡಿಸಿದಳು.

ನಾತಕ್ಕೆ ಇನ್ಸ್‌ಪೆಕ್ಟರ್‌ಗೆ ಉಸಿರು ಕಟ್ಟಿತು. "ಎಲ್ಲರೂ ಹೊರಗೆ ಬನ್ನಿ."

ಅಂಗಳದಲ್ಲಿ ಗಾಳಿ ಬೀಸುತ್ತಿತ್ತು. ನಕ್ಷೆಯವನು ಹತ್ತಿರ ಬಂದ. ಮತ್ತೆ ಅದೇ ನಾತ.

ಕೋಣೆಯ ನಾತ ಇಲ್ಲಿಗೆ ಹೇಗೆ ಬಂತು?

"ಕೈ ಚಾಚಿ."

"ಯಾಕೆ ಮೇಡಂ?"

"ಚಾಚಿ ಅಂದೆ."

ಅವನ ಗಡಿಯಾರದ ಚರ್ಮದ ಪಟ್ಟಿಯನ್ನು ಅವಳು ಮೂಸಿದಳು. ಅವನು ತಡವರಿಸಿದ. "ಎಲ್ಲರ ಕೋಟೂ ಒಟ್ಟಿಗೆ ನೇತಾಡುತ್ತೆ, ನನ್ನ ಕೋಟಿಗೂ ಅಂಟಿರುತ್ತೆ—"

"ಗಡಿಯಾರಾನೂ ಅಲ್ಲೇ ನೇತುಹಾಕ್ತೀರಾ?"

ಅವನು ಕೈ ಹಿಂದಕ್ಕೆಳೆದುಕೊಂಡ.

"ಹಕ್ಕಿಯನ್ನ ಹಿಡಿದಾಗ ನಿಮ್ಮ ಕೈಮೇಲೆ ಉಗುಳಿದೆ. ಬಟ್ಟೆ ಬದಲಾಯಿಸಿದ್ರಿ, ಸ್ನಾನ ಮಾಡಿದ್ರಿ. ಪಟ್ಟಿ ನೆನಪಾಗ್ಲಿಲ್ಲ. ಇಲ್ಲಿರೋರ ಮೂಗೆಲ್ಲ ಸತ್ತಿದೆ, ನಿಮ್ಮದೂ. ಚಹಾ ಕೊಟ್ಟಾಗಲೇ ನನಗೆ ಬಡಿದಿತ್ತು — ನಾನು ದಡ್ಡಿ, ಕೋಣೆಗೆ ಬೈದೆ. ಟ್ರ್ಯಾಕರ್ ಯಾರ ದೋಣಿಯಲ್ಲಿದೆ?"

ಸಂಶೋಧಕಿಯೇ ಬಾಯಿಬಿಟ್ಟಳು. "ಇವರ ಭಾವನಿಗೆ ಟ್ರಾಲರ್‌ಗಳಿವೆ."

"ಭಾವ ಬಲವಂತ ಮಾಡಿದ," ಎಂದ ಅವನು, ಕೇಳಿಸೀತೋ ಇಲ್ಲವೋ ಎಂಬಂತೆ. "ನಿನ್ನೆ ಅಲ್ಲ, ಹೋದ ವಾರ ಗಾಳಿ ಜೋರಾಗೋ ಮುಂಚೆನೇ ತೆಗೆದುಕೊಟ್ಟೆ."

ಹಾಗಾದರೆ ಉತ್ತರದ ದಾರಿ ಪೂರ್ತಿ ಸುಳ್ಳು, ಹಕ್ಕಿಯದಲ್ಲ, ಟ್ರಾಲರಿನದು. ಸಂಶೋಧಕಿ ಒಳಗೆ ಓಡಿದಳು, ಸಭೆಗಿಟ್ಟ ನಕ್ಷೆಯಿಂದ ಅದನ್ನು ಅಳಿಸಲು. ಒಳಗಿನಿಂದಲೇ ಕೂಗಿದಳು: "ಮೇಡಂ, ಪರದೇಲಿರೋ ಹಕ್ಕಿ ಬಂದರಿಗೆ ಬರ್ತಾ ಇದೆ."

"ಬರಲಿ. ಭಾವನನ್ನೂ ಇಳಿಸ್ಕೊಳ್ಳೋಣ."

ದೋಣಿಯವನು ತನ್ನ ತೋಳು ಮೂಸಿ ನೋಡಿಕೊಂಡ. "ನಾನೂ ಹಿಂಗೇ ನಾರ್ತೀನಾ ಮೇಡಂ?"

"ನೀನು ನಾರಬೇಕಾದವನೇ ಕಣಯ್ಯಾ."