ಠಾಣೆಯಲ್ಲಿ ಕೊಟ್ಟ ಹೆಸರು

ಆ ಬೆಳಿಗ್ಗೆ ತೆಂಕಣ ಗಾಳಿ ಸಮುದ್ರದಾಚೆಯ ಮರುಭೂಮಿಯ ಧೂಳನ್ನೆಲ್ಲ ಹೊತ್ತು ತಂದಿತ್ತು. ನಮ್ಮ ದ್ವೀಪದ ಆಕಾಶ ಅರಿಸಿನ ಕದಡಿದ ನೀರಿನಂತಿತ್ತು. ಮೆರೊಪಿ ಅಜ್ಜಿಯ ಕಾಫಿ ಅಂಗಡಿಯ ಕುರ್ಚಿ, ಮೇಜು, ಸಂತ ನಿಕೊಲಾಸರ ಪಟದ ಗಾಜು... ಎಲ್ಲದರ ಮೇಲೂ ಕೆಂಪು ಪುಡಿ.

ಮಿರ್ಸಿನಿ ಬಾಗಿಲಲ್ಲಿ ಬಂದು ನಿಂತಳು.

"ಹೇಡಿ!"

ಪಗಡೆ ಆಡುತ್ತಿದ್ದ ಮುದುಕರ ಕೈ ನಿಂತಿತು. ದೋಣಿ ಕಟ್ಟುವ ಸ್ಟ್ರಾತಿಸ್, ಈ ಅಂಗಡಿಯ ಅಜ್ಜಿಯ ಮೊಮ್ಮಗ, ತಲೆಯೆತ್ತಿದ.

"ಯಾರಿಗೆ ಹೇಳ್ತಿದ್ದೀಯಾ?"

"ನಿನಗೇ! ಠಾಣೆಗೆ ಫೋನ್ ಮಾಡಿದ್ದೆ. 'ಸ್ಟ್ರಾತಿಸ್ ವುರ್ನಾಜೊಸ್ ನಿನ್ನೆ ಸಂಜೆ ಬಂದು ಹೆಸರು ತೆಗೆಸಿ ಹೋದ್ರು' ಅಂದ್ರು. ಹೆದರಿಕೆ ಆಗಿದ್ರೆ ನನಗೊಂದು ಮಾತು ಹೇಳಬಾರದಿತ್ತಾ?"

ಹೊಸ ಕಾಯ್ದೆಯೇ ಹಾಗಿತ್ತು. ಜನ ಚೌಕದಲ್ಲಿ ಸೇರಬೇಕಾದರೆ ಯಾರಾದರೊಬ್ಬರು ಠಾಣೆಯಲ್ಲಿ ಹೆಸರು ಕೊಡಬೇಕು. ಯಾರ ಕೈಯಿಂದ ಏನು ಒಡೆದರೂ ಹೊಣೆ ಅವರದೇ. ಹೆಸರಿಲ್ಲದಿದ್ದರೆ ಸಭೆಯೇ ಅಪರಾಧ.

ಹಿಂದೊಮ್ಮೆ ಊರಿಗೆ ಡಾಕ್ಟರು ಬೇಕೆಂದು ಜನ ಮಳೆಯಲ್ಲಿ ರಸ್ತೆ ಮೇಲೆ ಕುಳಿತಿದ್ದರು, ಡಾಕ್ಟರು ಬಂದರು. ಒಳನಾಡಿನಿಂದ ಬಂದ ಟೀಚರ್ ಮಿರ್ಸಿನಿಗೆ ಸ್ಟ್ರಾತಿಸ್ ತನ್ನ ಕೊಡೆಯಲ್ಲಿ ಜಾಗ ಕೊಟ್ಟದ್ದು ಆಗಲೇ. ಇನ್ನು ಮುಂದೆ ಹಾಗೆ ಕೂರಲೂ ಭಯಪಡಬೇಕು. ಆ ಕಾಯ್ದೆ ಬೇಡವೆನ್ನಲು ಇಂದು ಮಧ್ಯಾಹ್ನ ಊರು ಸೇರುವುದಿತ್ತು. ಮಿರ್ಸಿನಿಯ ಟೀಚರ್ ಕೆಲಸಕ್ಕೆ ಕುತ್ತು ಬಾರದಿರಲೆಂದು ಅವಳ ಬದಲು ಹೆಸರು ಕೊಟ್ಟವನು ಸ್ಟ್ರಾತಿಸ್.

ಈಗ ಅವನ ಮುಖ ಬಿಳುಚಿತು. ಏನೋ ಹೊಳೆದಂತೆ ಅಜ್ಜಿಯ ಕಡೆ ನೋಡಿ, 'ಬೇಡ' ಎಂಬಂತೆ ತಲೆಯಾಡಿಸಿದ.

"ನೀನು ಅದನ್ನ ನಂಬಿಬಿಟ್ಟೆಯಾ, ಮಿರ್ಸಿನಿ?" ಅಷ್ಟೇ ಕೇಳಿ ಧೂಳಿನೊಳಗೆ ನಡೆದುಹೋದ.

ಅಯ್ಯೋ... ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ ಇವನು, ಎಂದುಕೊಂಡಳು ಮಿರ್ಸಿನಿ.

ಅಜ್ಜಿ ಅವಳ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ನಿನಗೆ ಯಾರ ಹೆಸರಿಟ್ಟಿದ್ದಾರೆ, ಮಗಳೇ?"

"ಅಜ್ಜೀದು. ಅಪ್ಪನ ಅಮ್ಮಂದು."

"ನಿನ್ನ ಚಿಕ್ಕಪ್ಪನ ಮಗಳಿಗೆ?"

"ಅವಳಿಗೂ ಅದೇ..." ಮಿರ್ಸಿನಿಯ ಮಾತು ಅಲ್ಲಿಗೇ ನಿಂತಿತು.

"ನನ್ನ ಗಂಡನ ಹೆಸರೂ ಸ್ಟ್ರಾತಿಸ್ಸೇ ಕಣೇ! ಇಬ್ಬರು ಗಂಡುಮಕ್ಕಳೂ ಅಪ್ಪನ ಹೆಸರನ್ನೇ ತಮ್ಮ ಮಕ್ಕಳಿಗಿಟ್ರು. ಇವನು ಪ್ರೊಕೊಪಿ ಮಗ. ನಿನ್ನೆ ಹಡಗಲ್ಲಿ ಬಂದನಲ್ಲ, ಅವನು ಇಗ್ನಾತಿ ಮಗ, ಇವನಿಗೆ ಅಣ್ಣ ಆಗಬೇಕು. ಹೊಸ ನೌಕರಿ, ಹೆಂಡ್ತಿ ಬಸುರಿ. 'ಠಾಣೆಯಲ್ಲಿ ನಿನ್ನ ಹೆಸರಿದೆ' ಅಂತ ಯಾರೋ ಅವನಿಗೆ ಅಂದ್ರಂತೆ, 'ಅದು ನಾನಲ್ಲ' ಅಂತ ಹೇಳೋಕೆ ಓಡಿದ. ಆ ಹೊಸ ಪೊಲೀಸಪ್ಪ ಹೆಸರನ್ನೇ ಹೊಡೆದು ಹಾಕಿರಬೇಕು! ನನಗೂ ಈಗಷ್ಟೇ ಅರ್ಥ ಆಯ್ತು."

"ಸ್ಟ್ರಾತಿಸ್ ಯಾಕೆ ಬಾಯಿ ಬಿಡಲಿಲ್ಲ ಅಜ್ಜಿ?"

"ಊರೆದುರು ಅಣ್ಣನ ಮಾನ ಕಳೆಯೋನಲ್ಲ ಅವನು. ಅದಕ್ಕೆ ತನ್ನದನ್ನೇ ಬಿಟ್ಟುಕೊಟ್ಟ... ಇನ್ನೂ ಇಲ್ಲೇ ನಿಂತಿದ್ದೀಯಲ್ಲ, ಪೆದ್ದಿ!"

ದೇವರ ತಾಯಿಯೇ, ಅವನು ಊರು ಬಿಟ್ಟು ಹೋಗಿರದಿರಲಿ... ಎನ್ನುತ್ತಲೇ ಅವಳು ಓಡಿದಳು.

ಅವನು ಎಲ್ಲಿಗೂ ಹೋಗಿರಲಿಲ್ಲ. ಠಾಣೆಯ ಮೇಜಿನೆದುರು ನಿಂತು ತನ್ನ ಹೆಸರನ್ನು ಮತ್ತೆ ಬರೆಸುತ್ತಿದ್ದ, ಈ ಸಲ ತಂದೆಯ ಹೆಸರಿನೊಂದಿಗೆ.

"ನನ್ನದೂ ಬರ್ಕೊಳ್ಳಿ," ಎಂದಳು ಏದುಸಿರು ಬಿಡುತ್ತ.

"ಮಿರ್ಸಿನಿ! ನಿನ್ನ ಕೆಲಸ ಹೋಗುತ್ತೆ!"

"ಹೋದ್ರೆ ದೋಣಿಗೆ ಬಣ್ಣ ಹಚ್ಚೋದು ಕಲಿಸು."

ಪೊಲೀಸಿನವನು ಇಬ್ಬರ ಹೆಸರನ್ನೂ ಒಂದರ ಹಿಂದೊಂದು ಗಟ್ಟಿಯಾಗಿ ಓದಿದ. ಸ್ಟ್ರಾತಿಸ್‌ನ ಕಿವಿ ಕೆಂಪೇರಿತು.

"ಏನಾಯ್ತು?"

"ನಮ್ಮಿಬ್ಬರ ಹೆಸರು ಹೀಗೆ ಒಟ್ಟಿಗೆ... ಮೊದಲು ಚರ್ಚಿನಲ್ಲಿ, ಮದುವೆ ಮಾಡಿಸೋ ಪಾದ್ರಿಗಳ ಬಾಯಲ್ಲಿ ಕೇಳ್ತೀನಿ ಅಂದ್ಕೊಂಡಿದ್ದೆ. ತುಂಬಾ ದಿನದಿಂದ."

ಮಿರ್ಸಿನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಪಾದ್ರಿಗಳು ಎಲ್ಲಿಗೆ ಓಡಿಹೋಗ್ತಾರೆ? ಅಲ್ಲೂ ಓದಿಸೋಣ!"

ಮಧ್ಯಾಹ್ನ ಚೌಕ ತುಂಬಿತು. ಮುಖಕ್ಕೆ ವಸ್ತ್ರ ಸುತ್ತಿ, ಕೆಮ್ಮುತ್ತ, ಊರೇ ಬಂದಿತ್ತು. ಗುಂಪಿನ ಹಿಂದೆ, ತಲೆ ತಗ್ಗಿಸಿಕೊಂಡು, ಇಗ್ನಾತಿಯ ಮಗನೂ ನಿಂತಿದ್ದ.

ಮಿರ್ಸಿನಿ ವೇದಿಕೆ ಹತ್ತಲಿಲ್ಲ. ಬೆಳಿಗ್ಗೆ ಪಗಡೆ ಆಡುತ್ತಿದ್ದ ಆ ಮುದುಕರು ಕುಳಿತಿದ್ದಲ್ಲಿಗೆ ಹೋಗಿ ನಿಂತಳು.

"ಬೆಳಿಗ್ಗೆ ನಾನೊಂದು ಮಾತಾಡಿದೆ. ನಾನೇ ತಪ್ಪು ತಿಳ್ಕೊಂಡಿದ್ದೆ," ಎಂದಳು ಮೆಲ್ಲಗೆ. ಅವನ ಅಣ್ಣನ ಸುದ್ದಿ ಎತ್ತಲಿಲ್ಲ. "ಈ ಸಭೆಯ ಹೊಣೆ ಹೊತ್ತಿರೋರು ಪ್ರೊಕೊಪಿಯ ಮಗ ಸ್ಟ್ರಾತಿಸ್. ನಿನ್ನೇನೂ ಅವರೇ, ಇವತ್ತೂ ಅವರೇ."

ಮುದುಕರು ಎದ್ದು ನಿಂತು ಟೋಪಿ ತೆಗೆದರು.

ಅವಳು ತಿರುಗಿ ನೋಡಿದಾಗ ಅವನು ಹಿಂದೆಯೇ ಇದ್ದ.

"ನಾನು ಸರಿಯಾಗಿ ಹೇಳಿದೆನಾ?"

"ಸರಿಯಾಗೇ ಹೇಳಿದೆ, ಟೀಚರಮ್ಮ."